ಆಟಿ ಹದಿನೆಂಟರ ಸೊಪ್ಪು

೧೯೨೬ ಆಗಸ್ಟ್ ೨, ಸೋಮವಾರ

ಸಿದ್ದಬಸಪ್ಪನವರಿಗೆ ಮತ್ತೆ ಚಳಿಜ್ವರ. ಈ ವರ್ಷ ಇದು ಐದನೆಯದೋ ಆರನೆಯದೋ. ದೊಡ್ಡಮನೆಯ ಆಳು ಬಂದು ಕರೆದಾಗ ನಾನು ಗಂಜಿಗೆ ಉಪ್ಪು ಹಾಕುತ್ತಿದ್ದೆ. ಉಂಡು ಬರುತ್ತೇನೆ ಎನ್ನುವ ಹಾಗಿಲ್ಲ. ಹೊನ್ನಗೋಡಿಗೆ ಈ ಡಿಸ್ಪೆನ್ಸರಿ ಕಟ್ಟಿಸಿದವರು ಅವರು. ಮಡಿಕೇರಿಯಲ್ಲಿ ಕೆಲಸಕ್ಕೆ ಅಲೆಯುತ್ತಿದ್ದ ನನ್ನನ್ನು ಕರೆತಂದು ಇಲ್ಲಿ ಕಂಪೌಂಡರು ಮಾಡಿ ಕೂರಿಸಿದವರೂ ಅವರೇ. ಸುತ್ತಿನ ಹನ್ನೆರಡು ಹಳ್ಳಿಗೆ ಅವರ ಮಾತೇ ಮಾತು. ಎರಡು ವರ್ಷದಿಂದ ಮಡಿಕೇರಿಯ ಕೌನ್ಸಿಲ್ಲಿಗೆ ಮೆಂಬರು ಬೇರೆ.

ಮೂರು ಕಂಬಳಿ ಹೊದ್ದು ನಡುಗುತ್ತಲೇ ನನ್ನನ್ನು ಗದರಿಸಿದರು. "ನಾಳೆ ಆಟಿ ತಿಂಗಳ ಹದಿನೆಂಟು ಕಣಯ್ಯ, ಮದ್ದುಸೊಪ್ಪಿನ ಹಬ್ಬ. ನಾಡಿನ ಗೌಡ್ರೆಲ್ಲ ಉಣ್ಣಕ್ಕೆ ಬತ್ತರೆ. ನಾನು ಮಲಗಿದ್ರೆ ನಮ್ ಜವರಪ್ಪ ನನ್ ಮಣೆ ಮೇಲೆ ಕೂತ್ಕತಾನೆ. ಎದ್ದು ಕೂರಂಗೆ ಮಾಡು." ಜವರಪ್ಪ ಎಂದರೆ ಅವರ ತಮ್ಮ. ಹಾಸಿಗೆಯ ಕಾಲ ಬಳಿ ನಿಂತು ಅವರೂ ನಗುತ್ತಿದ್ದರು.

ಕ್ವಿನೈನ್ ವಿಷಯದಲ್ಲಿ ಈ ಯಜಮಾನರದು ದೊಡ್ಡ ಹಟ. ನಡುಕ ಬಂದಾಗ ಕೊಟ್ಟಷ್ಟೂ ನುಂಗುತ್ತಾರೆ, ನಡುಕ ನಿಂತ ದಿನವೇ ಬಾಟ್ಲಿ ಅಟ್ಟ ಸೇರುತ್ತದೆ. ಹೇಳಿ ಹೇಳಿ ನನ್ನ ಬಾಯಿ ನೋವಾಗಿದೆ. ಇವತ್ತು ಹತ್ತು ಗ್ರೇನಿನಂತೆ ಮೂರು ಸಲ ಕೊಟ್ಟು, ನಾಳೆಗೂ ಅಷ್ಟನ್ನೇ ಇಟ್ಟು ಬಂದೆ.

ಆಗಸ್ಟ್ ೩, ಮಂಗಳವಾರ

ಜ್ವರ ಇಳಿಯಿತು. ಯಜಮಾನರು ಜರಿಪೇಟ ಸುತ್ತಿಕೊಂಡು ಪಂಕ್ತಿಯ ತಲೆಗೆ ಕೂತರು. ನಲವತ್ತು ಎಲೆ ಬಿತ್ತು.

ಮದ್ದುಸೊಪ್ಪು ತಂದವಳು ಮುತ್ತಿ. ದೊಡ್ಡಮನೆಯ ಹೊರಗೆಲಸದ ಹೆಂಗಸು. ಗಂಡ ಲಿಂಗ ಅವರದೇ ಏಲಕ್ಕಿ ಮಲೆಯಲ್ಲಿ ದುಡಿಯುತ್ತಾನೆ. ಹಳ್ಳದ ಅಂಚಿನಿಂದ ಅವಳು ಕೊಯ್ದು ತಂದ ಹೊರೆಯನ್ನು ಯಜಮಾನರ ಹೆಂಡತಿ ಗುರುಸಿದ್ದಮ್ಮನವರು ಹಂಡೆಯಲ್ಲಿ ಕುದಿಸಿ, ನೇರಳೆ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡಿದ್ದರು. ವರ್ಷದಲ್ಲಿ ಈ ಒಂದು ದಿನ ಮಾತ್ರ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಇಳಿದಿರುತ್ತದಂತೆ. ಹಿಂದಿನ ದಿನ ಕೊಯ್ದರೆ ಇಲ್ಲ, ಮಾರನೆಯ ದಿನ ಕೊಯ್ದರೂ ಇಲ್ಲ. ಪಂಚಾಂಗ ನೋಡಿಕೊಂಡು ಎಲೆಗೆ ಔಷಧ ಇಳಿಯುವುದೆಂದರೆ ನನ್ನಂಥವನಿಗೆ ನಗು ಬರುತ್ತದೆ. ನಗುತ್ತಲೇ ಎರಡು ಸಲ ಬಡಿಸಿಕೊಂಡೆ. ಯಜಮಾನರು ನಾಲ್ಕು ಸಲ ಬಡಿಸಿಕೊಂಡರು.

ಆಗಸ್ಟ್ ೪, ಬುಧವಾರ

ಬೆಳಿಗ್ಗೆ ಊರಿನ ಗಂಡಸರೆಲ್ಲ ಬೇಲಿ ಬದಿಯಿಂದ ಬಂದು ಒಬ್ಬರಿಗೊಬ್ಬರು ವರದಿ ಒಪ್ಪಿಸುವ ದಿನ. ಉಚ್ಚೆ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಎಂದು ಅರ್ಥ. ನನಗೂ ಹಿಡಿಯಿತು.

ದೊಡ್ಡಮನೆಯಿಂದ ಮತ್ತೆ ಕರೆ. ಯಜಮಾನರಿಗೆ ನಡುಕ ಮರುಕಳಿಸಿದೆ, ಸೊಂಟ ನೋವು, ಎರಡು ಸಲ ವಾಂತಿ. ಮಂಚದ ಕೆಳಗಿನ ಪಾತ್ರೆಯಲ್ಲಿ ಕಡುಗೆಂಪು. ನಾನು ಬಗ್ಗಿ ನೋಡಿದ್ದನ್ನು ಕಂಡು, "ಏನಯ್ಯ ನೋಡ್ತೀಯ, ಹದಿನೆಂಟಕ್ಕೆ ಹದಿನೆಂಟೂ ಹಿಡಿದವೆ" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೊದಲು ನಕ್ಕವನು ನಾನೇ. ಕ್ವಿನೈನ್ ಕೊಟ್ಟು ಬಂದೆ.

ಆಗಸ್ಟ್ ೫, ಗುರುವಾರ

ಜ್ವರ ಇಳಿದಿಲ್ಲ. ಕಣ್ಣು ಹಳದಿ. ಪಿತ್ತ ಕೆರಳಿದೆ. ಗುರುಸಿದ್ದಮ್ಮನವರು ನನ್ನನ್ನು ಬಾಗಿಲ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು. "ನಮ್ದೆಲ್ಲ ನಿನ್ನೆ ಸಂಜೆಗೇ ತಿಳಿಯಾಯ್ತು ಕಂಪೌಂಡ್ರೆ. ಇವರ್ದು ಇನ್ನೂ ಹಂಗೇ ಐತೆ. ಕಪ್ಪಗೆ, ಕಾಪಿ ಕಷಾಯದಂಗೆ. ಪಾತ್ರೆ ಚೆಲ್ಲೋ ಮುತ್ತೀನೂ ಇದು ಸೊಪ್ಪಿಂದಲ್ಲ ಅಂತಾಳೆ. ಹಿಂಗಿರ್ತದ?"

"ನಾಲ್ಕು ಸಲ ಬಡಿಸಿಕೊಂಡಿದ್ದಾರಮ್ಮ, ಇಳಿಯೋಕೆ ಹೊತ್ತು ಬೇಡವೆ" ಎಂದೆ. ಆಕೆಗೂ ಸಮಾಧಾನವಾಯಿತು. ಕ್ವಿನೈನ್ ಸ್ವಲ್ಪ ಹೆಚ್ಚು ಮಾಡಿದೆ.

ಆಗಸ್ಟ್ ೭, ಶನಿವಾರ

ಯಜಮಾನರು ನಿನ್ನೆ ಮಧ್ಯಾಹ್ನ ಹೋಗಿಬಿಟ್ಟರು.

ಕೂರಿಸಿ ಸಮಾಧಿ ಮಾಡುವುದು ಅವರ ಪದ್ಧತಿ. ಗೋಡೆಗೆ ಒರಗಿಸಿ ಕೂರಿಸುವಾಗ ತಲೆ ನಿಲ್ಲುತ್ತಿರಲಿಲ್ಲ. ಹಿಡಿದುಕೊಳ್ಳಲು ನನ್ನನ್ನು ಕರೆದರು. ಹಣೆಗೆ, ಕೆನ್ನೆಗೆ ವಿಭೂತಿ ಬಳಿದಿದ್ದರೂ ನಡುವೆ ಕಾಣುವ ಚರ್ಮವೆಲ್ಲ ಅರಿಸಿನ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ನನ್ನ ಅಂಗೈಗೆ ಅವರ ಗದ್ದದ ಕೂದಲು ಚುಚ್ಚುತ್ತಿತ್ತು. ಇಷ್ಟೇ ಬರೆಯುತ್ತೇನೆ.

ಆಗಸ್ಟ್ ೧೧, ಬುಧವಾರ

ವಾರವೂ ತುಂಬಿಲ್ಲ, ಅಂಗಡಿ ಬೋಜಪ್ಪನ ಜಗಲಿಯ ಮೇಲೆ ಕೊಲೆಗಾರರು ಸಾಲಾಗಿ ಕೂತಿದ್ದಾರೆ. ಬೋಜಪ್ಪ ಬೆಲ್ಲ ತೂಗುತ್ತ ತೂಗುತ್ತಲೇ ಒಬ್ಬೊಬ್ಬರನ್ನಾಗಿ ಹಿಡಿದು ಕೊಡುತ್ತಾನೆ.

ಅವನ ಪ್ರಕಾರ ಈ ಮನೆಯಲ್ಲಿ ಯಾರೂ ತಾವಾಗಿ ಸತ್ತಿಲ್ಲ. ಸಿದ್ದಬಸಪ್ಪನವರ ತಂದೆ, ಸುಬೇದಾರರಾಗಿದ್ದವರು, ಮೂವತ್ತು ವರ್ಷದ ಹಿಂದೆ ಮಡಿಕೇರಿಯಲ್ಲಿ ಯಾರದೋ ಮನೆಯಲ್ಲಿ ಉಂಡು ಹೊರಟವರು ದಾರಿಯಲ್ಲೇ ತೀರಿಕೊಂಡರು. ಯಾರ ಮನೆ ಅದು? ಯಜಮಾನರ ಒಬ್ಬನೇ ಮಗ, ತಂದೆ ಕೌನ್ಸಿಲ್ಲಿಗೆ ಹೋದ ತಿಂಗಳೇ ಹೇಮಾವತಿ ದಾಟುವಾಗ ಮುಳುಗಿದ. ಅವನ ಕುದುರೆ ಮನೆಗೆ ಬಂದಾಗ ಅದರ ಮೈ ಒಣಗಿತ್ತು. ಯಾಕೆ ಒಣಗಿತ್ತು? ಈಗ ಯಜಮಾನರು. ಮುಂದೆ ಕೌನ್ಸಿಲ್ಲಿನ ಕುರ್ಚಿ ಯಾರಿಗೆ? ಜವರಪ್ಪನವರ ಹೆಸರನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡಮನೆಯ ದಿಕ್ಕಿಗೆ ಹುಬ್ಬು ಹಾರಿಸುತ್ತಾನೆ. ಇದೂ ಸಾಲದಿದ್ದರೆ ರಾಜರ ಕಾಲದ್ದೊಂದು ಇದೆ. ಈ ಮನೆಯ ಮುತ್ತಜ್ಜ ಕುಂಪಣಿ ಸೈನ್ಯಕ್ಕೆ ಕಾಡುದಾರಿ ತೋರಿಸಿ ಉಂಬಳಿ ಪಡೆದನಂತೆ, ಅರಮನೆಯ ಹೆಂಗಸೊಬ್ಬಳು ಮಣ್ಣು ತೂರಿ ಶಾಪ ಹಾಕಿದಳಂತೆ.

"ಸುಬೇದಾರರಿಗೆ ಆಗ ಎಂಬತ್ತೆರಡು ವರ್ಷ ಅಲ್ಲವೇನಯ್ಯ" ಎಂದೆ.

"ಎಂಬತ್ತೆರಡಾದವ್ರಿಗೆ ವಿಷ ಇಕ್ಕಬಾರ್ದು ಅಂತ ಕಾನೂನು ಐತಾ ಕಂಪೌಂಡ್ರೆ?"

ಹೊಗೆಸೊಪ್ಪು ಕಟ್ಟಿಸಿಕೊಂಡು ಬಂದೆ. ಜ್ವರ ಬಂದು ಸಾಯುವುದೆಂದರೆ ಈ ಜನಕ್ಕೆ ದೊಡ್ಡವರಿಗೆ ಅವಮಾನ ಮಾಡಿದ ಹಾಗೆ. ಕೂಲಿಯವನು ಸತ್ತರೆ ಜ್ವರ, ಮೆಂಬರು ಸತ್ತರೆ ಸಂಚು.

ಆಗಸ್ಟ್ ೧೬, ಸೋಮವಾರ

ಹೊಸದು ಹುಟ್ಟಿದೆ. ಯಜಮಾನರ ಎಲೆಗೆ ಬಡಿಸಿದ ಪಾಯಸವೇ ಬೇರೆಯಂತೆ. ಮುತ್ತಿ ಅಂದು ದೊಡ್ಡ ಹೊರೆಯ ಜೊತೆ ಎಳೆಯ ಕುಡಿಯ ಒಂದು ಸಣ್ಣ ಕಟ್ಟನ್ನೂ ತಂದು "ಇದು ಯಜಮಾನ್ರಿಗೆ" ಎಂದು ಕೊಟ್ಟಳಂತೆ. ಆ ಕಟ್ಟಿನಲ್ಲಿ ಇನ್ನೇನೋ ಇತ್ತಂತೆ. ಇವತ್ತು ನನಗೆ ನಿಜಕ್ಕೂ ಸಿಟ್ಟು ಬಂತು. ಬೋಜಪ್ಪನ ಜಗಲಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಎಳೆಯದು ಬಲಿತದ್ದು ಎಲ್ಲ ಒಂದೇ ಹಂಡೆಯಲ್ಲಿ ಕುದಿಯಿತು, ಅದೇ ಹಂಡೆಯದನ್ನು ನಾನೂ ಉಂಡಿದ್ದೇನೆ, ನೀವೂ ಉಂಡಿದ್ದೀರಿ, ಆ ಬಡವಿಯನ್ನು ಬಿಡಿ ಎಂದೆ. ಮಾತು ಮಳೆಯ ಕಡೆಗೆ ತಿರುಗಿತು.

ಆಗಸ್ಟ್ ೨೦, ಶುಕ್ರವಾರ. ಮಡಿಕೇರಿ

ಔಷಧ ತರಲು ಬಂದು ಇಲ್ಲೇ ಉಳಿದಿದ್ದೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಸಾಯಂಕಾಲದವರೆಗೂ ಯೋಚಿಸಿದೆ.

ಇಲ್ಲಿಗೆ ಹೊಸದಾಗಿ ಬಂದ ಡಾಕ್ಟರು ಮದರಾಸಿನ ಕಡೆಯವರು. ಮೆಂಬರು ಹೇಗೆ ಸತ್ತರು ಎಂದು ವಿಚಾರಿಸಿದರು. ಹೇಳಿದೆ. ಬಿಟ್ಟು ಬಿಟ್ಟು ಕ್ವಿನೈನ್ ತೆಗೆದುಕೊಳ್ಳುತ್ತಿದ್ದರು, ಕೊನೆಗೆ ವಾಂತಿ, ಕಣ್ಣು ಹಳದಿ ಎಂದೆ. ಅವರು ಪೆನ್ನು ಕೆಳಗಿಟ್ಟು, "ಮೂತ್ರ ಯಾವ ಬಣ್ಣ?" ಎಂದರು.

ನಾನು "ಯಾಕೆ ಸಾರ್" ಎಂದೆ.

"ಬ್ಲ್ಯಾಕ್ ವಾಟರ್ ಫೀವರ್ ಅಂತ ಇದೆ. ಹಳೆ ಮಲೇರಿಯಾದವರಿಗೆ ಬರುತ್ತದೆ. ರಕ್ತವೇ ಒಡೆದು ಮೂತ್ರದಲ್ಲಿ ಹೋಗುತ್ತದೆ, ಮೊದಲು ಕೆಂಪು, ಆಮೇಲೆ ಕಪ್ಪು. ಅದು ಕಂಡ ಕೂಡಲೇ ಕ್ವಿನೈನ್ ನಿಲ್ಲಿಸಬೇಕು. ಕೊಟ್ಟರೆ ಕೊಂದ ಹಾಗೆ. ಯಾವ ಬಣ್ಣ ಇತ್ತು?"

"ಹಳದಿ" ಎಂದೆ.

ಅವರು ಸರಿ ಎಂದು ಬೇರೆ ಕಾಗದ ತೆಗೆದುಕೊಂಡರು. ಸುಳ್ಳು ಹೇಳಿದೆ. ಬೇರೆ ಯಾವ ತಿಂಗಳಲ್ಲಾದರೂ ಆ ಪಾತ್ರೆ ನೋಡಿದ್ದರೆ ನಾನು ಕಿರುಚಿಕೊಂಡು ಡೋಲಿ ಕಟ್ಟಿಸಿ ಇಲ್ಲಿಗೆ ಕಳಿಸುತ್ತಿದ್ದೆ. ಆಟಿ ಹದಿನೆಂಟರ ಮರುದಿನವಾದ್ದರಿಂದ ನಕ್ಕೆ. ಎರಡನೆಯ ದಿನ ಗುರುಸಿದ್ದಮ್ಮನವರು ಕೇಳಿದರು, ಆಗಲೂ ಸೊಪ್ಪಿನದೇ ಎಂದು ಸಾಗಹಾಕಿದೆ. ಕ್ವಿನೈನ್ ಹೆಚ್ಚು ಮಾಡಿದೆ.

ಆಗಸ್ಟ್ ೨೨, ಭಾನುವಾರ

ಹೊನ್ನಗೋಡಿಗೆ ವಾಪಸು. ಡಿಸ್ಪೆನ್ಸರಿಯ ಬೆಂಚಿನ ಬಲತುದಿ ಯಜಮಾನರ ಜಾಗ. ಸಂತೆಯ ದಿನ ಬಂದು ಅಲ್ಲಿ ಕೂತು ರೋಗಿಗಳನ್ನು ಮಾತಾಡಿಸುತ್ತಿದ್ದರು. ಈಗ ಬೆಂಚು ಎಷ್ಟೇ ತುಂಬಿದರೂ ಜನ ಆ ತುದಿಯನ್ನು ಬಿಟ್ಟು ಕೂರುತ್ತಾರೆ. ಯಾರೂ ಹೇಳಿಲ್ಲ. ಮಣ್ಣಿನ ಕೆಳಗೂ ಅವರು ಕೂತೇ ಇದ್ದಾರೆ ಎಂಬುದು ನನ್ನ ತಲೆಯಿಂದ ಹೋಗುತ್ತಿಲ್ಲ. ಮಲಗಿಸಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲವೇನೋ. ಸರದಿ ಬರಲೆಂದು ಕೂತವರ ಹಾಗೆ ಕೂತಿದ್ದಾರೆ.

ಹೇಳಿಬಿಡಬೇಕು. ಗುರುಸಿದ್ದಮ್ಮನವರಿಗೆ ಮೊದಲು ಹೇಳಬೇಕು. ಆದರೆ ಹೇಳಿದ ದಿನ ಜವರಪ್ಪನವರು ನನ್ನನ್ನು ಏನು ಮಾಡಿಯಾರು? ಮನೆ ಯಜಮಾನನನ್ನು ಕಂಪೌಂಡರು ಕೊಂದ ಎಂದಾಗುತ್ತದೆ. ಸ್ವಲ್ಪ ದಿನ ಹೋಗಲಿ. ಹೇಗೂ ಮುತ್ತಿಯ ಸುದ್ದಿ ತಣ್ಣಗಾಗಿದೆ, ಅವಳಿಗೆ ಏನೂ ಆಗುವುದಿಲ್ಲ.

ಆಗಸ್ಟ್ ೨೯, ಭಾನುವಾರ

ವಾರದಿಂದ ಕಾಪಿ ಬಿಟ್ಟಿದ್ದೇನೆ. ಲೋಟದಲ್ಲಿ ನೋಡಿದರೆ ಆ ಪಾತ್ರೆಯೇ ಕಾಣುತ್ತದೆ. ಯಾರಿಗಾದರೂ ಕ್ವಿನೈನ್ ಅಳೆಯುವಾಗ ಕೈ ತಡೆಯುತ್ತದೆ. ಹತ್ತು ಗ್ರೇನಿನ ಬದಲು ಐದು ಹಾಕಿ ಕೊಡುತ್ತಿದ್ದೇನೆ.

ಸಮಾಧಾನದಿಂದ ಕೂತು ನೆನಪಿಸಿಕೊಂಡೆ. ಮೊದಲ ದಿನ ಕೋಣೆಯಲ್ಲಿ ಬೆಳಕು ಕಡಿಮೆಯಿತ್ತು. ಕಿಟಕಿಗೆ ಗೋಣಿ ಕಟ್ಟಿದ್ದರು. ಕಡುಗೆಂಪು ಎಂದು ಅಂದು ಬರೆದಿದ್ದೇನೆ, ಬರೆಯುವಾಗ ಯಾರಾದರೂ ಅಷ್ಟು ತೂಗಿ ಬರೆಯುತ್ತಾರೆಯೇ. ಡಾಕ್ಟರು ಹೇಳಿದ ಕಾಯಿಲೆ ಈ ಸೀಮೆಯಲ್ಲಿ ಬಂದದ್ದನ್ನು ಆರು ವರ್ಷದಲ್ಲಿ ನಾನಂತೂ ಕಂಡಿಲ್ಲ.

ಬೋಜಪ್ಪ ಸಂಜೆ ಬಂದಿದ್ದ. ಆ ಕುದುರೆಯ ಮೈ ನಿಜಕ್ಕೂ ಒಣಗಿತ್ತಂತೆ, ಲಾಯದ ಮುದುಕ ನಿಂಗ ಆಣೆ ಮಾಡಿ ಹೇಳುತ್ತಾನೆ. ಹೊಳೆ ದಾಟಿ ಬಂದ ಕುದುರೆಯ ಮೈ ಒಣಗಲು ಎಷ್ಟು ಹೊತ್ತು ಬೇಕು ಎಂದು ಇಬ್ಬರೂ ಸುಮಾರು ಹೊತ್ತು ಮಾತಾಡಿದೆವು. ಮನಸ್ಸು ಹಗುರಾಯಿತು.

ಸೆಪ್ಟೆಂಬರ್ ೩, ಶುಕ್ರವಾರ

ಮುತ್ತಿ ಬಂದಿದ್ದಳು. ರೋಗಿಗಳೆಲ್ಲ ಹೋಗುವವರೆಗೂ ಹೊರಗೆ ಹಲಸಿನ ಮರದ ಬುಡದಲ್ಲಿ ಕಾದಿದ್ದು ಒಳಗೆ ಬಂದಳು. ಲಿಂಗನ ಬೆನ್ನಿಗೆ ಮುಲಾಮು ಬೇಕಂತೆ. ಮಲೆಯಲ್ಲಿ ಯಾರೋ ನಾಲ್ಕು ಜನ ಸೇರಿ ಹೊಡೆದಿದ್ದಾರೆ. ಸೊಪ್ಪಿನ ಮಾತು ತಣ್ಣಗಾಗಿರಲಿಲ್ಲ, ನನ್ನ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ.

ಮುಲಾಮು ಕೊಟ್ಟೆ. ಅವಳು ಹೋಗಲಿಲ್ಲ.

"ನೀವು ಒಂದ್ ಮಾತು ಹೇಳ್ಬೇಕು ಅಯ್ಯಾ. ನೀವು ಓದ್ದವ್ರು, ನಿಮ್ ಮಾತು ಕೇಳ್ತರೆ. ಸಣ್ಣ ಕಟ್ಟು ತಂದಿದ್ದು ನಿಜ. ಎಳೇದು ಅಂತ ತಂದೆ. ಅಮ್ಮಾವ್ರು ಎಲ್ಲ ಒಂದೇ ಹಂಡೇಗೆ ಹಾಕಿದ್ರು."

"ನಾನು ಆಗಲೇ ಹೇಳಿದ್ದೇನಲ್ಲ ಮುತ್ತಿ."

"ಅದಲ್ಲ ಅಯ್ಯಾ. ಯಜಮಾನ್ರ ಪಾತ್ರೆ ಚೆಲ್ತಿದ್ದೋಳು ನಾನು. ಮೂರು ದಿನ ಚೆಲ್ದೆ. ಸೊಪ್ಪಿಂದು ಒಂದ್ ದಿನಕ್ಕೆ ಹೋಯ್ತದೆ. ಅದು ನೆತ್ತರು. ವಾಸ್ನೆ ಬೇರೆ. ನಾನು ಅಮ್ಮಾವ್ರಿಗೆ ಹೇಳ್ದೆ, ಅಮ್ಮಾವ್ರು ನಿಮಗೆ ಹೇಳಿದ್ರು. ಅದು ಏನೋ ಕಾಯಿಲೆ ಅಯ್ಯಾ. ಕಾಯಿಲೆ ಅಂತ ನೀವು ಹೇಳಿದ್ರೆ ಸಾಕು. ನಮ್ಮನ್ನ ಬುಟ್ಟುಬುಡ್ತರೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಕೈ ಮುಗಿದು ನಿಂತಿದ್ದಳು. ನನಗೆ ಎಲ್ಲಿಲ್ಲದ ಹೆದರಿಕೆಯಾಯಿತು. ನೋಡೋಣ, ನೀನು ಹೋಗು ಎಂದೆ. ಹೋಗುವಾಗ ಬೆಂಚಿನ ಬಲತುದಿಯನ್ನು ಹಿಡಿದು ಮೆಟ್ಟಿಲು ಇಳಿದಳು. ಆ ಜಾಗ ಮುಟ್ಟಲು ಅವಳಿಗೆ ಮಾತ್ರ ಅಂಜಿಕೆಯಿಲ್ಲ.

ಸೆಪ್ಟೆಂಬರ್ ೫, ಭಾನುವಾರ

ಎರಡು ದಿನದಿಂದ ಒಂದೇ ಯೋಚನೆ. ಅದು ನೆತ್ತರು ಎಂದು ಅವಳಿಗೆ ಹೇಗೆ ಗೊತ್ತು? ಓದಿದ ನನಗೇ ಗೊತ್ತಾಗಲಿಲ್ಲ. ಅಕ್ಷರ ಬಾರದ ಹೆಂಗಸು ವಾಸನೆಯಲ್ಲೇ ಕಂಡುಹಿಡಿದಳೇ? ಏನಾಗುತ್ತದೆಂದು ಮೊದಲೇ ಬಲ್ಲವರಿಗೆ ಮಾತ್ರ ಅಷ್ಟು ಖಚಿತವಾಗಿ ಗೊತ್ತಿರುತ್ತದೆ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ಪ್ರಶ್ನೆ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಮೂರು ದಿನ ಅವಳೊಬ್ಬಳೇ ಪಾತ್ರೆ ಚೆಲ್ಲಿದ್ದಳು. ಬೇರೆ ಯಾರಿಗೂ ಕಾಣದ ಹಾಗೆ.

ಸೆಪ್ಟೆಂಬರ್ ೯, ಗುರುವಾರ

ನಿನ್ನೆ ಜವರಪ್ಪನವರು ಕರೆಸಿದ್ದರು. ಅಣ್ಣನ ಮಣೆಯ ಮೇಲೆ ಕೂತಿರಲಿಲ್ಲ, ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದರು. ಮನುಷ್ಯ ಇಳಿದುಹೋಗಿದ್ದಾರೆ. ಊರಿನ ಹುಬ್ಬುಗಳು ತಮ್ಮ ಕಡೆ ಹಾರುತ್ತಿರುವುದು ಅವರಿಗೂ ಗೊತ್ತು.

"ನೋಡಿ ಕಂಪೌಂಡ್ರೆ, ನಮ್ ಅಣ್ಣನ್ನ ನಾನು ತಿಂದೆ ಅಂತವ್ರೆ. ಅತ್ಗೆಮ್ಮ ನನ್ ಕೈಲಿ ನೀರು ಇಸ್ಕತಿಲ್ಲ. ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕು. ಒಂದೇ ಮಾತು ಕೇಳ್ತೀನಿ. ಮದ್ದುಸೊಪ್ಪಿನ ಜತೇಲಿ ಬೇರೆ ಸೊಪ್ಪು ಸೇರಿದ್ರೆ ಹಿಂಗೆ ಆಯ್ತದಾ?"

ಇಲ್ಲ ಎನ್ನಬಹುದಿತ್ತು. ಆದರೆ ಅಷ್ಟಕ್ಕೇ ಬಿಡುವವರಲ್ಲ ಅವರು, ಮತ್ತೆ ಹೇಗಾಯಿತು ಎಂದು ಕೇಳುತ್ತಿದ್ದರು. ಕಾಡಿನಲ್ಲಿ ನಾವು ತಿಳಿಯದ ಸೊಪ್ಪು ಬೇಕಾದಷ್ಟಿವೆ, ಆಗಬಹುದು ಎಂದೆ. ಅದು ಸುಳ್ಳಲ್ಲ. ಕಾಡಿನಲ್ಲಿ ನಾವು ತಿಳಿಯದ ಸೊಪ್ಪು ನಿಜಕ್ಕೂ ಬೇಕಾದಷ್ಟಿವೆ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

ಆ ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಸೆಪ್ಟೆಂಬರ್ ೨೦, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಜವರಪ್ಪನವರ ದೂರಿನ ಮೇಲೆ ಸರ್ಕಾರದ ಪಾರುಪತ್ಯಗಾರರು ಚಾವಡಿಗೆ ಬಂದು ವಿಚಾರಣೆ ಮಾಡಿದರು. ಸುತ್ತಿನ ಹಳ್ಳಿಗಳೆಲ್ಲ ನೆರೆದಿದ್ದವು. ಮುತ್ತಿಯನ್ನು ಮುಂದೆ ಕರೆದರು. ಅದೇ ಹಳ್ಳದ ಅದೇ ಗಿಡದ ಸೊಪ್ಪನ್ನು ಸೆರಗಿನಲ್ಲಿ ತಂದಿದ್ದಳು. "ಕುದ್ಸಕ್ಕೆ ಒಂದ್ ಪಾತ್ರೆ ಕೊಡಿ" ಎಂದಳು. ಮೂರು ಕಲ್ಲು ಹೂಡಿ, ಎಲ್ಲರ ಎದುರಿಗೆ ಕುದಿಸಿದಳು. ನೀರು ನೇರಳೆಯಾಯಿತು. ಆರಿಸಿಕೊಂಡು, ಒಂದು ಚೊಂಬು ಪೂರ್ತಿ ಕುಡಿದು, ಚೊಂಬನ್ನು ಬೋರಲು ಹಾಕಿ ತೋರಿಸಿದಳು. ಅದಾದ ಮೇಲೆ ಚಾವಡಿಯ ಕಂಬಕ್ಕೆ ಒರಗಿ ಕೂತಳು. ಸಂಜೆಯವರೆಗೂ ಕೂತಿದ್ದಳು. ಲಿಂಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದ.

ಏನೂ ಆಗಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋಗುವಾಗ ಕೆಲವು ಹೆಂಗಸರು ಅವಳ ತಲೆ ಸವರಿ ಹೋದರು. ಅವಳು ನನ್ನ ಕಡೆ ಒಂದೇ ಸಲ ನೋಡಿದಳು. ಇನ್ನೇನು ಹೇಳುತ್ತೀಯ ಎಂದು ಕೇಳಿದ ಹಾಗಿತ್ತು.

ಸೆಪ್ಟೆಂಬರ್ ೨೩, ಗುರುವಾರ

ಪಾರುಪತ್ಯಗಾರರು ಹೊರಡುವ ಮೊದಲು ಡಿಸ್ಪೆನ್ಸರಿಗೆ ಬಂದರು. ಮೂರು ದಿನವಾದರೂ ಆ ಹೆಂಗಸು ಗಟ್ಟಿಯಾಗಿದ್ದಾಳೆ, ಸೊಪ್ಪಿನ ಮಾತು ಸುಳ್ಳೆಂದು ಬರೆದು ಮುಗಿಸುತ್ತೇನೆ, ನೀವೇನು ಹೇಳುತ್ತೀರಿ ಎಂದರು. ಜವರಪ್ಪನವರೂ ಜೊತೆಗಿದ್ದರು. ಸೊಪ್ಪು ಅಲ್ಲವೆಂದಾದರೆ ಮತ್ತೇನು ಎಂಬ ಪ್ರಶ್ನೆ ಅಲ್ಲೇ ಬಾಗಿಲಲ್ಲಿ ನಿಂತಿತ್ತು.

ನಾನು ಹೇಳಿದೆ. ಆಟಿ ಹದಿನೆಂಟರಂದು ಸೊಪ್ಪಿಗೆ ಇಳಿಯುವ ಗುಣವೇ ಬೇರೆ. ಆ ದಿನ ಕಳೆದ ಮೇಲೆ ಅದು ಬರೀ ಸೊಪ್ಪು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅಂದು ಅದರಲ್ಲಿದ್ದದ್ದು ಇಂದು ಇರುವುದಿಲ್ಲ. ಇಂದು ಕುಡಿದು ತೋರಿಸಿದರೆ ಅಂದಿನದಕ್ಕೆ ಸಾಕ್ಷಿಯಾಗುವುದಿಲ್ಲ. ಇದು ಇಲ್ಲಿಯ ಹಸುಗೂಸಿಗೂ ಗೊತ್ತು.

ಪಾರುಪತ್ಯಗಾರರೂ ಈ ನೆಲದವರೇ, ಹೌದಲ್ಲ ಎಂದು ತಲೆಯಾಡಿಸಿದರು. ಸಂಶಯ ಪರಿಹಾರವಾಗಿಲ್ಲ ಎಂದು ಬರೆದುಕೊಂಡರು. ಕೇಸು ಹಾಕಲು ಪುರಾವೆ ಸಾಲದು ಎಂದೂ ಬರೆದರು. ಅಂದಮೇಲೆ ಅವಳಿಗೆ ಏನೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ನನ್ನ ಮಾತು ಬೋಜಪ್ಪನ ಜಗಲಿಯಲ್ಲಿತ್ತು. ಕಂಪೌಂಡ್ರೇ ಹೇಳಿದ ಮೇಲೆ ಮುಗೀತು ಎನ್ನುತ್ತಿದ್ದರು.

ಅಕ್ಟೋಬರ್ ೫, ಮಂಗಳವಾರ

ಲಿಂಗ, ಮುತ್ತಿ ಇಬ್ಬರಿಗೂ ಗುಡಿಸಲು ಬಿಡಲು ದೊಡ್ಡಮನೆಯಿಂದ ಹೇಳಿದ್ದಾರಂತೆ. ಬೋಜಪ್ಪ ಅವರಿಗೆ ಉಪ್ಪನ್ನೂ ಕೊಡುತ್ತಿಲ್ಲ. ಇದು ಅತಿಯಾಯಿತು, ಉಪ್ಪಾದರೂ ಕೊಡು ಎಂದು ನಾನೇ ಹೇಳಿದೆ.

ಗದ್ದೆಯ ಬದುವಿನ ಮೇಲೆ ಮುತ್ತಿ ಎದುರಿಗೆ ಬಂದಳು. ನನ್ನನ್ನು ಕಂಡು ಬದು ಬಿಟ್ಟು ಕೆಸರಿಗೆ ಇಳಿದು, ಸೆರಗಿನಿಂದ ಮುಖ ಮುಚ್ಚಿಕೊಂಡು, ನಾನು ದಾಟಿ ಹೋಗುವವರೆಗೂ ನಿಂತಿದ್ದಳು. ಮೈ ನಡುಗುತ್ತಿತ್ತು. ಯಾವುದೋ ಹೆದರಿಕೆಯಲ್ಲಿದ್ದಾಳೆ.

ಅಕ್ಟೋಬರ್ ೧೨, ಮಂಗಳವಾರ

ಹೊರಟುಹೋದರಂತೆ. ನೆಲ್ಯಹುದಿಕೇರಿಯ ಎಸ್ಟೇಟಿನ ಕೂಲಿ ಲೈನಿನಲ್ಲಿ ಅವಳ ಅಕ್ಕ ಇದ್ದಾಳೆ.

ಇವತ್ತು ಕಾಪಿ ಕುಡಿದೆ. ರುಚಿಯಾಗಿಯೇ ಇತ್ತು.

ಅಕ್ಟೋಬರ್ ೩೦, ಶನಿವಾರ

ಮಧ್ಯಾಹ್ನ ಬೋಜಪ್ಪ ಅಂಗಡಿ ತೆರೆದಿಟ್ಟು ಓಡಿಬಂದ. ನೆಲ್ಯಹುದಿಕೇರಿಯಲ್ಲಿ ಮುತ್ತಿ ಹೊಳೆಯಲ್ಲಿ ಸಿಕ್ಕಳಂತೆ. ಕಾವೇರಿಯ ದೋಣಿಕಡವಿನಿಂದ ಅರ್ಧ ಮೈಲಿ ಕೆಳಗೆ, ಬಿದಿರು ಮೆಳೆಗೆ ಸಿಕ್ಕಿಕೊಂಡಿದ್ದಳಂತೆ. ಅಲ್ಲಿಯ ಲೈನಿಗೂ ಸುದ್ದಿ ಮುಟ್ಟಿ, ಅವಳು ಮುಟ್ಟಿದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲವಂತೆ. ಮೂರು ದಿನದ ಹಿಂದೆ ಬೆಳಿಗ್ಗೆ ಕೊಡ ಹಿಡಿದು ಹೋದವಳು. ಕೊಡ ಮಾತ್ರ ದಡದ ಮೇಲೆ ನೆಟ್ಟಗೆ ಕೂತಿತ್ತಂತೆ.

ನಾನು ಬಾಗಿಲು ಹಾಕಿಕೊಂಡು ಅತ್ತೆ. ಕೈ ಮುಗಿದು ನಿಂತದ್ದೇ ಕಣ್ಣೆದುರಿಗೆ ಬರುತ್ತದೆ.

ನವೆಂಬರ್ ೨, ಮಂಗಳವಾರ

ಮೂರು ದಿನ ಊಟ ಸೇರಲಿಲ್ಲ. ಈಗ ತಲೆ ತಿಳಿಯಾಗಿದೆ, ಬರೆಯುತ್ತೇನೆ.

ಆ ಸಾವಿನಲ್ಲಿ ಏನೋ ಇದೆ. ಕಾಲು ಜಾರಿದ್ದರೆ ಕೊಡವೂ ನೀರಿಗೆ ಬೀಳಬೇಕಿತ್ತು. ತಾನೇ ಬಿದ್ದಳು ಎನ್ನುತ್ತಾರೆ. ಎಲ್ಲರೆದುರಿಗೆ ಕಷಾಯ ಕುಡಿದು ಚೊಂಬು ಬೋರಲು ಹಾಕಿದ ಗಟ್ಟಿಗಿತ್ತಿ ತಾನೇ ಬೀಳುವವಳಲ್ಲ. ಬೋಜಪ್ಪನೂ ಅದನ್ನೇ ಹೇಳುತ್ತಾನೆ. ಆ ಮನೆಯ ಒಳಗಿನ ಸಂಗತಿ ಅವಳಿಗೆ ಗೊತ್ತಿತ್ತು. ಮೂರು ದಿನ ಆ ಕೋಣೆಗೆ ಹೋಗಿ ಬಂದವಳು. ಯಾರಿಗೆ ಅವಳ ಬಾಯಿ ಮುಚ್ಚಿಸಬೇಕಾಗಿತ್ತು? ಮೊನ್ನೆ ಜವರಪ್ಪನವರ ಹೆಸರು ಕೌನ್ಸಿಲ್ಲಿಗೆ ಹೋಗಿದೆ. ಅವಳು ಸತ್ತ ವಾರದಲ್ಲೇ. ನಾನು ಕೇಳುತ್ತಿದ್ದೇನೆ ಅಷ್ಟೇ, ಇಂಥವರೆಂದು ಹೇಳುತ್ತಿಲ್ಲ.

ದೊಡ್ಡವರ ಮನೆಯ ಸಾವು ಹೀಗೆಯೇ. ಕೊನೆಗೆ ಅದಕ್ಕೆ ತಲೆ ಕೊಡುವವರು ಏನೂ ಅರಿಯದ ಬಡವರು. ಆ ಹೆಂಗಸಿನ ಪರವಾಗಿ ಈ ಊರಿನಲ್ಲಿ ಬಾಯಿಬಿಟ್ಟು ಮಾತಾಡಿದವನು ನಾನೊಬ್ಬನೇ. ಅಂದು ಬೋಜಪ್ಪನ ಜಗಲಿಯಲ್ಲಿ ಹೇಳಿದೆ, ಉಪ್ಪು ಕೊಡೆಂದೂ ಹೇಳಿದೆ. ಅದಕ್ಕೇ ಅವಳು ನನ್ನ ಬಳಿಗೆ ಬಂದದ್ದು.

ಒಂದು ಮಾತ್ರ ನನ್ನನ್ನು ಬಿಡದೆ ಕೊರೆಯುತ್ತಿದೆ. ಗದ್ದೆ ಬದುವಿನಲ್ಲಿ ಕಂಡ ದಿನ ಅವಳು ಯಾರಿಗೋ ಹೆದರಿ ನಡುಗುತ್ತಿದ್ದಳು. ನಾನು ನಿಂತು, ಯಾರಿಗೆ ಹೆದರುತ್ತೀಯ ಮುತ್ತಿ ಎಂದು ಕೇಳಬೇಕಿತ್ತು. ಕೇಳಿದ್ದರೆ ಅವಳು ನನಗೆ ಹೇಳಿಯೇ ಹೇಳುತ್ತಿದ್ದಳು, ಅವಳನ್ನು ಕೊಂದವನು ಯಾರೆಂದು ಇವತ್ತು ನನಗಾದರೂ ಗೊತ್ತಿರುತ್ತಿತ್ತು.